ಗಂಟಿನೊಳಗಿನ ಪಂಚಭುಜ

ಕೊಳ್ಳೇಗಾಲದಿಂದ ಹನೂರಿಗೆ ಹೋದ ಬಸ್ ಟಿಕೆಟ್ಟನ್ನು ಇಳಿದ ಮೇಲೆ ಬಿಸಾಡಬೇಡಿ. ಅದನ್ನು ಉದ್ದಕ್ಕೆ ಕತ್ತರಿಸಿ, 1 ಸೆಂ.ಮೀ. ಅಗಲದ ಪಟ್ಟಿ ಮಾಡಿ, ದಾರಕ್ಕೆ ಹಾಕುವಂತೆ ಸಡಿಲವಾಗಿ ಒಂದು ಗಂಟು ಹಾಕಿ. ಸುಕ್ಕಾಗದಂತೆ ಎರಡೂ ತುದಿ ಮೆಲ್ಲಗೆ ಎಳೆದು ಉಗುರಿನಿಂದ ತೀಡಿ. ಕೆಲವು ಟಿಕೆಟ್ಟುಗಳಲ್ಲಿ ತೀಡಿದ ಕಡೆ ಕಪ್ಪು ಗೆರೆ ಮೂಡುತ್ತದೆ, ಇರಲಿ. ಗಂಟು ಚಪ್ಪಟೆಯಾಗಿ, ಐದೂ ಬಾಹು ಸಮನಾದ ಪಂಚಭುಜವಾಗುತ್ತದೆ. ಒಂದು ತುದಿಯನ್ನು ಅದರ ಮೇಲೇ ಮಡಿಸಿ ಬೆಳಕಿಗೆ ಹಿಡಿದರೆ ಒಳಗೊಂದು ನಕ್ಷತ್ರ! ಕೈವಾರ ಬೇಡ, ಕೋನಮಾಪಕ ಬೇಡ.

ಕಾಗದ ಮಡಿಸುವ ಆಟದಲ್ಲಿ ಜ್ಯಾಮಿತಿಯನ್ನು ಕಂಡು ಬರೆದವರು ಟಿ. ಸುಂದರ ರಾವ್. ಅವರ ಇಂಗ್ಲಿಷ್ ಪುಸ್ತಕ 1893ರಲ್ಲಿ ಮದ್ರಾಸಿನಲ್ಲಿ ಅಚ್ಚಾಯಿತು. ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ಪ್ರಸ್ತಾಪಿಸಿದರು, 1901ರಲ್ಲಿ ಅಮೆರಿಕದಲ್ಲೂ ಮುದ್ರಣ ಕಂಡಿತು. ಆಗ ಪಕ್ಕದ ಯಳಂದೂರು ಮೈಸೂರು ಸಂಸ್ಥಾನದಲ್ಲಿದ್ದರೆ, ಕೊಳ್ಳೇಗಾಲ, ಹನೂರು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ಹಾಗೆ ನೋಡಿದರೆ ಮದ್ರಾಸಿನ ಈ ಪುಸ್ತಕದ ಮೇಲೆ ಕೊಳ್ಳೇಗಾಲ ಸೀಮೆಯವರಾದ ನಮಗೂ ಒಂದಿಷ್ಟು ಹಕ್ಕುಂಟು.

ಕಾಗದದ ಇಂಥ ಆಟಗಳಿಗೆ ದುಬಾರಿ ಬಣ್ಣದ ಹಾಳೆ ಬೇಕಿಲ್ಲ. ಹಳೆ ಕ್ಯಾಲೆಂಡರಿನ ದಪ್ಪ ಹಾಳೆಯಲ್ಲಿ ಒಂದೇ ಅಳತೆಯ 12 ಪಂಚಭುಜ ಕತ್ತರಿಸಿ, ಅಂಚಿಗೆ ಅಂಚು ಅಂಟಿಸಿದರೆ ಹನ್ನೆರಡು ಮುಖಗಳ ಘನಾಕೃತಿ, ಅಂದರೆ ದ್ವಾದಶಫಲಕ, ಸಿದ್ಧ. ಈ ಬೇಸಿಗೆ ರಜೆಯಲ್ಲಿ ಮಕ್ಕಳ ಕೈಗೆ ಮೊಬೈಲ್ ಬದಲು ಕತ್ತರಿ, ಗೋಂದು ಕೊಡಿ.