ಬಾಸೆಲ್ಲಿನ ಪಂಕ್ತಿ, ಮೈಸೂರಿನ ಪಂಕ್ತಿ

ವಿದೇಶದ ಮಿಷನರಿ ತರಬೇತಿ ಶಾಲೆಗಳಲ್ಲಿ ಆರು ತಿಂಗಳೋ ವರ್ಷವೋ ಇದ್ದು ಮರಳಿದ ಯುವಜನರು ಸಭೆಯ ಮುಂದೆ ನಿಂತು ಹೇಳುವ ಸಾಕ್ಷಿಗೆ ಈಗ ಒಂದು ಸಿದ್ಧರೂಪವೇ ಏರ್ಪಟ್ಟಿದೆ. ಮೊದಲು ವೀಸಾ ದೊರೆತ ಬಗೆ, ಆಮೇಲೆ ಅಲ್ಲಿನ ಚಳಿ. ಅದರ ನಂತರ ಆರೇಳು ದೇಶಗಳವರು ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಅಡಿಗೆಮನೆಯಲ್ಲಿ ಸರದಿಯಂತೆ ಪಾತ್ರೆ ತೊಳೆದು, ಸಣ್ಣ ಮಾತಿಗೆ ಮುನಿಸಿಕೊಂಡು, ಕೊನೆಗೆ ಒಬ್ಬರಿಗೊಬ್ಬರು ಕ್ಷಮೆ ಬೇಡಿ ಪ್ರಾರ್ಥಿಸಿದ ವೃತ್ತಾಂತ. ತರಗತಿಯಲ್ಲಿ ಕಲಿತದ್ದಕ್ಕಿಂತ ಕೂಡಿ ಬಾಳಿದ್ದರಿಂದ ಕಲಿತದ್ದೇ ಹೆಚ್ಚು ಎಂಬ ಮಾತಿನೊಡನೆ ಸಾಕ್ಷಿ ಮುಗಿಯುತ್ತದೆ. ಮೈಸೂರಿನ ಸಭೆಗಳಲ್ಲಿ ನಾವು ಇಂಥ ಸಾಕ್ಷಿಗಳನ್ನು ಹಲವು ಸಲ ಕೇಳಿದ್ದೇವೆ, ಸಭಾಪತ್ರಿಕೆಗಳಲ್ಲಿ ಓದಿಯೂ ಇದ್ದೇವೆ. ಅವುಗಳ ಪ್ರಾಮಾಣಿಕತೆಯನ್ನು ನಾವು ಸಂದೇಹಿಸುವುದಿಲ್ಲ. ಆದರೆ ಸಾಕ್ಷಿಯೂ ಒಂದು ಸಾಹಿತ್ಯಪ್ರಕಾರವೇ. ಅದು ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬುದನ್ನು ವಿಮರ್ಶಿಸುವುದು ದೈವಜ್ಞಾನದ ಕೆಲಸಕ್ಕೆ ಹೊರತಾದುದಲ್ಲ.

ಇಂಥ ಸಾಕ್ಷಿಗಳಲ್ಲಿ ಎರಡು ವಿಷಯಗಳು ಸಾಮಾನ್ಯವಾಗಿ ಕಾಣಸಿಗುವುದಿಲ್ಲ. ಆ ಸಹಜೀವನದ ನಿಯಮಗಳನ್ನು ಯಾರು ರೂಪಿಸಿದರು ಎಂಬುದು ಒಂದು. ಮರಳಿ ಬಂದ ಮೇಲೆ ಸಾಕ್ಷಿ ಹೇಳುವವನು ಇಲ್ಲಿ ಯಾರೊಡನೆ ಕುಳಿತು ಉಣ್ಣುತ್ತಿದ್ದಾನೆ ಎಂಬುದು ಇನ್ನೊಂದು. ಈ ಎರಡನ್ನೂ ವಿಚಾರಿಸಲು ನಮ್ಮ ನಾಡಿನದೇ ಒಂದು ಹಳೆಯ ಉದಾಹರಣೆಯಿದೆ. ಅದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ, ಆದರೆ ಗಮನವಿಟ್ಟು ಓದಿದ್ದು ಕಡಿಮೆ.

ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯರು 1844ರ ಜನವರಿಯಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರಿಂದ ದೀಕ್ಷಾಸ್ನಾನ ಪಡೆದರು. ಆಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಹೆಸರಿನ ಮುಂದೆ ‘ಹರ್ಮನ್’ ಸೇರಿಕೊಂಡಿತು. ಗುರುವಿನ ಹೆಸರೇ ಶಿಷ್ಯನ ಹೆಸರೂ ಆಯಿತು. ಪತ್ನಿ ಲಕ್ಷ್ಮೀಬಾಯಿ ಅವರೊಡನೆ ಬಾಳಲು ಒಪ್ಪಲಿಲ್ಲ. 1846ರಲ್ಲಿ ಮೋಗ್ಲಿಂಗರು ಅವರನ್ನು ಯೂರೋಪಿಗೆ ಕರೆದೊಯ್ದರು. ಅಲ್ಲಿಂದ 1851ರವರೆಗೆ ಐದು ವರ್ಷ ಕೌಂಡಿನ್ಯರು ಬಾಸೆಲ್ಲಿನ ಮಿಷನ್ ಮನೆಯ ವಿದ್ಯಾರ್ಥಿ. 1851ರಲ್ಲಿ ಬೋಧಕದೀಕ್ಷೆ ಪಡೆದು ಮರಳಿ, ದೀರ್ಘಕಾಲ ಮಂಗಳೂರಿನ ಸೆಮಿನರಿಯಲ್ಲಿ ಕಲಿಸಿದರು. 1847ರಲ್ಲಿ ಆರಂಭವಾದ ಆ ಸೆಮಿನರಿಯ ಪರಂಪರೆಯನ್ನೇ ಇಂದು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಮುಂದುವರಿಸುತ್ತಿದೆ.

ನಾವು ಓದಿದ ಹೆಚ್ಚಿನ ಕನ್ನಡ ಬರಹಗಳಲ್ಲಿ ದೀಕ್ಷಾಸ್ನಾನದ ದಿನದ ಕೋಲಾಹಲಕ್ಕೆ ಪುಟಗಟ್ಟಲೆ ಸ್ಥಳವಿದೆ; ಬಾಸೆಲ್ಲಿನ ಐದು ವರ್ಷಗಳು ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತವೆ. ಹೋದರು, ಕಲಿತರು, ಬಂದರು. ಇದು ಆಕಸ್ಮಿಕವಾದ ಬಿಡುವಲ್ಲವೆಂದು ನಮಗೆ ತೋರುತ್ತದೆ. ಜಾತಿಯಿಂದ ಹೊರಬರುವುದು ಕಥೆಯಾಗುತ್ತದೆ. ಹೊಸ ಮನೆಯೊಂದರಲ್ಲಿ ದಿನವೂ ಇನ್ನೊಬ್ಬರ ಗಂಟೆಗೆ ಏಳುವುದು, ಇನ್ನೊಬ್ಬರ ಭಾಷೆಯಲ್ಲಿ ಪ್ರಾರ್ಥಿಸುವುದು ಕಥೆಯಾಗುವುದಿಲ್ಲ. ತರಬೇತಿ ನಡೆಯುವುದಾದರೋ ಅಲ್ಲಿಯೇ.

ಆ ಮನೆ ಎಂಥದು? 1815ರಲ್ಲಿ ಸ್ಥಾಪನೆಗೊಂಡ ಬಾಸೆಲ್ ಮಿಷನ್ನಿನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ವ್ಯೂರ್ಟೆಂಬರ್ಗ್ ಪ್ರಾಂತದ ರೈತರ ಮತ್ತು ಕೈಕಸಬಿನವರ ಮಕ್ಕಳು. ಓದಿನ ಜೊತೆಗೆ ಮೈಮುರಿಯುವ ಕೆಲಸವೂ ಶಿಕ್ಷಣದ ಭಾಗವಾಗಿತ್ತು. ಹೀಬ್ರು, ಗ್ರೀಕ್ ಕಲಿತ ಕೈಯೇ ತೋಟದ ಕೆಲಸಕ್ಕೂ ಹೋಗಬೇಕು. ಮಿಷನ್ನಿನ ದಾಖಲೆಗಳನ್ನು ಆಳವಾಗಿ ಅಭ್ಯಸಿಸಿದ ಅಮೆರಿಕದ ಸಮಾಜಶಾಸ್ತ್ರಜ್ಞ ಜಾನ್ ಮಿಲ್ಲರ್ ಇನ್ನೊಂದು ಸಂಗತಿಯನ್ನು ಎತ್ತಿ ತೋರಿಸಿದ್ದಾರೆ: ಸಹೋದರರು ಒಬ್ಬರನ್ನೊಬ್ಬರು ಗಮನಿಸುತ್ತಿರಬೇಕು, ತಪ್ಪು ಕಂಡರೆ ಮೇಲಿನವರಿಗೆ ತಿಳಿಸಬೇಕು ಎಂಬುದು ಆ ವ್ಯವಸ್ಥೆಯ ಅಂಗವಾಗಿತ್ತು. ಮದುವೆಗೂ ಸಮಿತಿಯ ಅನುಮತಿ ಬೇಕಿತ್ತು. ಪ್ರೀತಿ ಮತ್ತು ಕಾವಲು ಒಂದೇ ಸೂರಿನಡಿ ವಾಸಿಸುತ್ತಿದ್ದವು. ಇದನ್ನು ಕೇವಲ ದಬ್ಬಾಳಿಕೆಯೆಂದು ತಳ್ಳಿಹಾಕುವುದು ಸುಲಭ; ಅದೇ ಶಿಸ್ತು ಫರ್ಡಿನಂಡ್ ಕಿಟ್ಟೆಲರಂಥವರನ್ನು ಕಳುಹಿಸಿತು, ನಮ್ಮ ಭಾಷೆಗೆ 1894ರ ನಿಘಂಟು ದೊರೆಯಿತು. ಆದರೆ ಸಹಜೀವನವೆಂದರೆ ಸಹಜವಾದ ಜೀವನವಲ್ಲ, ಯಾರೋ ಆಲೋಚಿಸಿ ಕಟ್ಟಿದ ಜೀವನ ಎಂಬುದನ್ನು ಬಾಸೆಲ್ ನೆನಪಿಸುತ್ತದೆ. ಇಂದಿನ ಶಾಲೆಗಳಿಗೂ ಇದು ಅನ್ವಯಿಸುತ್ತದೆ. ವಿದ್ಯಾರ್ಥಿಯೇ ತನ್ನ ವೆಚ್ಚಕ್ಕೆ ದಾನಿಗಳನ್ನು ಹುಡುಕಬೇಕಾದ ಶಾಲೆಯಲ್ಲಿ ಡಾಲರು ಗಳಿಸುವ ಸಭೆಯ ಹುಡುಗನೂ ರೂಪಾಯಿ ಎಣಿಸುವ ಸಭೆಯ ಹುಡುಗನೂ ಒಂದೇ ಸಿಂಕಿನಲ್ಲಿ ಪಾತ್ರೆ ತೊಳೆಯಬಹುದು. ಅಷ್ಟರಿಂದಲೇ ಅವರು ಸಮಾನರಾದರೆಂದು ಹೇಳಲಾಗದು.

ಬಾಸೆಲ್ಲಿನ ಮೇಜಿನಲ್ಲಿ ಕೌಂಡಿನ್ಯರು ಏನಾಗಿದ್ದರು? ಜರ್ಮನ್ ಬಡಗಿಯ ಮಗನ ಪಕ್ಕದಲ್ಲಿ ಕುಳಿತಾಗ ಅವರು ಬ್ರಾಹ್ಮಣರಲ್ಲ, ಬರಿಯ ಭಾರತೀಯರು. ಅಲ್ಲಿನವರಿಗೆ ಸಾರಸ್ವತನೆಂದರೇನು, ಬಿಲ್ಲವನೆಂದರೇನು, ಹೊಲೆಯನೆಂದರೇನು ಗೊತ್ತಾಗುವ ಸಂದರ್ಭವೇ ಕಡಿಮೆ. ಪರದೇಶದ ಪಂಕ್ತಿ ನಮ್ಮ ಜಾತಿಯನ್ನು ನಾಶ ಮಾಡುವುದಿಲ್ಲ, ಅದನ್ನು ಅಗೋಚರವಾಗಿಸುತ್ತದೆ. ಈ ವ್ಯತ್ಯಾಸವನ್ನು ನಮ್ಮ ಸಾಕ್ಷಿಗಳು ಗಮನಿಸುವುದಿಲ್ಲ. ಕೊರಿಯದವನೊಡನೆ, ಬ್ರೆಜಿಲಿನವಳೊಡನೆ ಒಂದೇ ತಟ್ಟೆಯಲ್ಲಿ ತಿಂದೆನೆಂದು ಹೇಳುವ ನಮ್ಮ ಯುವಕನು ಆ ಮಾತು ಹೇಳಿದ ಭಾನುವಾರವೇ ತನ್ನ ಸಭೆಯ ಪ್ರೀತಿಭೋಜನದಲ್ಲಿ ಯಾವ ಸಾಲಿನಲ್ಲಿ ಕುಳಿತನೆಂದು ಯಾರೂ ಕೇಳುವುದಿಲ್ಲ. ಪಂಕ್ತಿಭೇದ ಎಂಬ ಪದ ನಮ್ಮ ಭಾಷೆಯಲ್ಲಿ ಹುಟ್ಟಿದ್ದು ವಿನಾಕಾರಣವಲ್ಲ.

ಕೌಂಡಿನ್ಯರ ಮಟ್ಟಿಗೆ ಉತ್ತರ ಬಂದದ್ದು ಬಾಸೆಲ್ಲಿನಲ್ಲಲ್ಲ, ಕೊಡಗಿನಲ್ಲಿ. ಆನಂದಪುರದಲ್ಲಿ ಅವರು ಸ್ವಂತ ಹಣದಿಂದ ಭೂಮಿ ಕೊಂಡರು. ಅಲ್ಲಿ ಕ್ರೈಸ್ತರಾದ ಹೊಲೆಯ ಸಮುದಾಯದವರ ನೆಲೆಯೊಂದು ಬೆಳೆಯಿತು. ಕಾಫಿ ತೋಟವೂ ಎದ್ದಿತು. ತೋಟದ ಒಡೆತನ ಒಂದು ಕಡೆ, ಕೂಲಿ ಇನ್ನೊಂದು ಕಡೆ ಇರುವಲ್ಲಿ ಅನ್ಯೋನ್ಯತೆ ಎಷ್ಟರ ಮಟ್ಟಿಗೆ ಸಾಧ್ಯ ಎಂಬ ಪ್ರಶ್ನೆ ಅಲ್ಲಿಯೂ ಉಳಿಯುತ್ತದೆ. ಅವರ ಎರಡನೆಯ ವಿವಾಹ 1860ರಲ್ಲಿ ಜರ್ಮನಿಯ ಮರೀ ರೈನ್‌ಹಾರ್ಟರೊಡನೆ ನಡೆಯಿತು. ಹೊಸ ಸಭೆಯ ಒಳಗಿನ ಸಂಬಂಧಕ್ಕಿಂತ ಪರದೇಶದ ಸಂಬಂಧ ಹತ್ತಿರವಾಯಿತೆಂದು ಇದರಿಂದ ತೀರ್ಪು ಕೊಡುವುದು ಅನ್ಯಾಯ. ಒಬ್ಬ ಮನುಷ್ಯನ ಮದುವೆಯನ್ನು ವಾದದ ಆಯುಧವಾಗಿ ಬಳಸಲು ನಾವು ಹಿಂಜರಿಯುತ್ತೇವೆ. ಆದರೂ, ಐದು ವರ್ಷದ ಪರದೇಶವಾಸವು ಒಬ್ಬನನ್ನು ಎಲ್ಲಿಯವನನ್ನಾಗಿ ಮಾಡುತ್ತದೆ ಎಂಬ ಪ್ರಶ್ನೆಯನ್ನು ಆ ಜೀವನವೇ ಎತ್ತುತ್ತದೆ.

ದಾನಿಯೇಲನ ಗ್ರಂಥದ ಮೊದಲನೆಯ ಅಧ್ಯಾಯವನ್ನು ಈ ಬೆಳಕಿನಲ್ಲಿ ಓದಬೇಕೆಂದು ನಮ್ಮ ಅಪೇಕ್ಷೆ. ಅದು ವಿದೇಶದ ವಸತಿಶಾಲೆಯೊಂದರ ಕಥೆ. ಮೂರು ವರ್ಷದ ಪಾಠಕ್ರಮ, ಕಸ್ದೀಯರ ಭಾಷೆ ಮತ್ತು ಸಾಹಿತ್ಯ, ರಾಜನ ಅಡಿಗೆಮನೆಯಿಂದ ಊಟ, ಹೊಸ ಹೆಸರುಗಳು. ದಾನಿಯೇಲನು ಭಾಷೆಯನ್ನು ಒಪ್ಪಿಕೊಂಡ, ಸಾಹಿತ್ಯವನ್ನು ಒಪ್ಪಿಕೊಂಡ, ಹೆಸರನ್ನೂ ತಡೆಯಲಿಲ್ಲ. ಊಟದ ವಿಷಯದಲ್ಲಿ ನಿಂತ. ಇದನ್ನು ನಮ್ಮಲ್ಲಿ ಮಾಂಸಾಹಾರ ತ್ಯಾಗದ ಬೋಧನೆಗೆ ಬಳಸುವುದುಂಟು, ಅದು ಹಗುರವಾದ ಓದು. ತರಬೇತಿ ಕೊಡುವ ಮನೆ ತನ್ನನ್ನು ಪೂರ್ತಿಯಾಗಿ ರೂಪಿಸಿಬಿಡದಂತೆ ಒಂದು ಗೆರೆ ಎಳೆದುಕೊಳ್ಳುವ ಸ್ವಾತಂತ್ರ್ಯವೇ ಅಲ್ಲಿನ ವಿಷಯ. ಇದಕ್ಕೆ ಎದುರಾಗಿ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯವನ್ನು ಇಡಬೇಕು. ಎಲ್ಲವನ್ನೂ ಹುದುವಾಗಿ ಹೊಂದಿದ್ದ ಯೆರೂಸಲೇಮಿನ ಸಭೆಯೊಳಗೆ ಗುಣುಗುಟ್ಟುವಿಕೆ ಹುಟ್ಟಿದ್ದು ದಿನದಿನದ ಊಟ ಬಡಿಸುವ ಕಾರ್ಯದಲ್ಲಿ, ಅದೂ ಗ್ರೀಕ್ ಭಾಷೆಯವರ ವಿಧವೆಯರನ್ನು ಅಲಕ್ಷ್ಯ ಮಾಡಿದ್ದಕ್ಕಾಗಿ. ಭಾಷೆ ಮತ್ತು ಬಡಿಸುವಿಕೆ, ಎರಡೂ ಒಂದೇ ಜಗಳದೊಳಗಿವೆ. ಲೂಕನು ಅದನ್ನು ಮುಚ್ಚಿಡಲಿಲ್ಲ. ನಮ್ಮ ಸಾಕ್ಷಿಗಳಲ್ಲಿಯೂ ಜಗಳ ಬರುತ್ತದೆ, ಆದರೆ ಅದು ಯಾವಾಗಲೂ ಇಬ್ಬರ ಸ್ವಭಾವದ ಜಗಳ, ಕ್ಷಮೆಯಿಂದ ಮುಗಿಯುವಂಥದು. ಹಂಚಿಕೆಯ ಜಗಳ ಬರುವುದಿಲ್ಲ. ಅದು ಕ್ಷಮೆಯಿಂದ ಮುಗಿಯುವುದೂ ಇಲ್ಲ. ಅಪೊಸ್ತಲರು ಏಳು ಮಂದಿಯನ್ನು ನೇಮಿಸಬೇಕಾಯಿತು.

ಮೈಸೂರಿನ ಕಡೆಗೆ ತಿರುಗೋಣ. ಹೊರದೇಶದವರು ಕಲಿಯಲು ಬಂದು ತಂಗುವುದು ಈ ಊರಿಗೆ ಹೊಸತಲ್ಲ. ಗೋಕುಲಂ ಬಡಾವಣೆಯಲ್ಲಿ ಪಟ್ಟಾಭಿ ಜೋಯಿಸರ ಪರಂಪರೆಯ ಯೋಗ ಕಲಿಯುವವರು ತಿಂಗಳುಗಟ್ಟಲೆ ಇರುತ್ತಾರೆ. ಬೈಲಕುಪ್ಪೆಯ ವಿಹಾರಗಳಲ್ಲಿ ಭಿಕ್ಷುಗಳು ದಶಕಗಟ್ಟಲೆ ಓದುತ್ತಾರೆ. ನಮ್ಮವರ ಪೈಕಿ ಇಲ್ಲಿ ಪರದೇಶವಾಸದ ದೊಡ್ಡ ಹೆಸರು ಅಬ್ಬೆ ದ್ಯುಬ್ವಾ. 1792ರಲ್ಲಿ ಭಾರತಕ್ಕೆ ಬಂದ ಅವರು ಶ್ರೀರಂಗಪಟ್ಟಣದ ಪತನದ ತರುವಾಯ ಮೈಸೂರು ಸೀಮೆಯಲ್ಲಿ ನೆಲೆಸಿದರು. ಈ ನಾಡಿನ ಉಡುಗೆ ಉಟ್ಟರು, ಈ ನಾಡಿನ ಊಟ ಉಂಡರು. ಮೂವತ್ತೊಂದು ವರ್ಷಗಳ ಬಳಿಕ, 1823ರಲ್ಲಿ ಮರಳಿದಾಗ, ಹಿಂದೂಗಳನ್ನು ಕ್ರಿಸ್ತನೆಡೆಗೆ ತಿರುಗಿಸುವುದು ಅಸಾಧ್ಯವೆಂಬ ಅಭಿಪ್ರಾಯವನ್ನು ಪ್ರಕಟಿಸಿದರು. ಆಮೇಲೆ ಪ್ಯಾರಿಸ್ಸಿನ ಮಿಷನರಿ ಸೆಮಿನರಿಯ ನಿರ್ದೇಶಕರಲ್ಲೊಬ್ಬರಾಗಿ, ಮುಂದೆ ಅದರ ಮುಖ್ಯಸ್ಥರೂ ಆಗಿ, ಏಷ್ಯಕ್ಕೆ ಹೊರಡುವ ಯುವಕರನ್ನು ಸಿದ್ಧಪಡಿಸಿದರು. ಇದರಲ್ಲಿ ಒಂದು ವಿಪರ್ಯಾಸವಿದೆ, ಆದರೆ ನಮ್ಮ ಆಸಕ್ತಿ ಬೇರೆ. ಅವರ ಪ್ರಸಿದ್ಧ ಗ್ರಂಥದಲ್ಲಿ ನಮ್ಮ ಜನರ ಊಟ, ಮಡಿ, ಮದುವೆ, ಸಾವು ಎಲ್ಲದರ ವರ್ಣನೆಯೂ ಇದೆ (ಅದರಲ್ಲಿ ಬಹಳಷ್ಟನ್ನು ಅವರಿಗಿಂತ ಮುಂಚಿನ ಜೆಸ್ವಿತ್ ಪಾದ್ರಿಯೊಬ್ಬರ ಬರಹದಿಂದ ಪಡೆದಿದ್ದಾರೆಂದು ಈಗ ವಿದ್ವಾಂಸರು ತೋರಿಸಿದ್ದಾರೆ). ನೋಡುವವನ ಕಣ್ಣು ಅಲ್ಲಿ ಸದಾ ತೆರೆದಿದೆ. ನೋಡಿಸಿಕೊಳ್ಳುವವನಾಗಿ, ಋಣಿಯಾಗಿ, ತಪ್ಪು ಮಾಡಿ ತಿದ್ದಿಸಿಕೊಳ್ಳುವವನಾಗಿ ಅವರು ಆ ಪುಟಗಳಲ್ಲಿ ಸಿಗುವುದು ಅಪರೂಪ. ನಡುವೆ ಬಾಳುವುದು ಬೇರೆ, ಕೂಡಿ ಬಾಳುವುದು ಬೇರೆ.

ಚಾಮುಂಡಿ ಬೆಟ್ಟದ ತಪ್ಪಲಿನ ಅಂಜಲಿ ಆಶ್ರಮ ಈ ಪ್ರಶ್ನೆಯನ್ನು ಇನ್ನೊಂದು ದಿಕ್ಕಿನಿಂದ ಎದುರಿಸಿತು. ಬೆಂಗಳೂರಿನಲ್ಲಿ 1967ರಲ್ಲಿ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರವನ್ನು ಕಟ್ಟಿದ ಫಾದರ್ ಡಿ. ಎಸ್. ಅಮಲೋರ್ಪವದಾಸರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮದ ಅಧ್ಯಯನ ವಿಭಾಗವನ್ನು ಮುನ್ನಡೆಸುತ್ತಲೇ ಈ ಆಶ್ರಮವನ್ನು ಬೆಳೆಸಿದರು. ಪ್ಯಾರಿಸ್ಸಿನಲ್ಲಿ ಓದಿ ಬಂದ ಅವರಿಗೆ ಪರದೇಶದ ಮನೆಗಳ ಒಳಗು ಗೊತ್ತಿತ್ತು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಳ್ಳುವವರೆಗೂ ಅವರ ಶ್ರಮ ನಿಲ್ಲಲಿಲ್ಲ. ನೆಲದ ಮೇಲೆ ಕುಳಿತು ಧ್ಯಾನ, ಸಸ್ಯಾಹಾರ, ಮೌನ, ಸರಳತೆ. ಅಲ್ಲಿಗೆ ಯೂರೋಪಿನವನು ಬಂದರೆ ಪರಕೀಯನಾಗುವ ಸರದಿ ಅವನದು. ಬಾಸೆಲ್ಲನ್ನು ತಿರುಗಿಸಿಟ್ಟಂತೆ ಇದು ಕಾಣುತ್ತದೆ. ಇದರ ಮಹತ್ವವನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ತಿರುಗಿಸಿಟ್ಟರೆ ಸಾಕೇ? ಎ. ಪಿ. ನಿರ್ಮಲರು 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಶೂದ್ರ ದೈವಶಾಸ್ತ್ರದ ಮಾತೆತ್ತಿದ ಮೇಲೆ, ದಲಿತ ದೈವಶಾಸ್ತ್ರಜ್ಞರು ಆಶ್ರಮಗಳಿಗೆ ಕೇಳಿದ ಪ್ರಶ್ನೆ ಇದು: ಭಾರತೀಯವೆಂದು ನೀವು ಆರಿಸಿಕೊಂಡದ್ದು ಯಾರ ಭಾರತ? ಸಂಸ್ಕೃತದ ಪದ, ಕಾವಿಯ ಬಣ್ಣ, ಸಸ್ಯಾಹಾರದ ತಟ್ಟೆ, ಇವು ನಮ್ಮ ಸಭೆಗಳ ಬಹುಸಂಖ್ಯಾತರ ಮನೆಗಳಿಂದ ಬಂದವಲ್ಲ. ಚಾಮರಾಜನಗರದ ಕಡೆಯ ಹಳ್ಳಿಯ ಸಭೆಯೊಂದರಿಂದ ಬಂದ ಹುಡುಗಿಗೆ ಇಂಥ ಆಶ್ರಮದ ಪಂಕ್ತಿಯೂ ಒಂದು ಬಗೆಯ ಪರದೇಶವೇ ಆಗಬಹುದು. ಯೂರೋಪಿನ ಅತಿಥಿಗೆ ಅದು ಸರಳ ಊಟ. ಅವಳಿಗೆ ತನ್ನ ಅಜ್ಜಿಯನ್ನು ಹೊರಗಿಟ್ಟವರ ಊಟ. ಆಶ್ರಮದ ಪರವಾಗಿಯೂ ಹೇಳುವುದಿದೆ: ಪರಕೀಯ ಆರಾಧನೆಯಿಂದ ಸಭೆಯನ್ನು ಬಿಡಿಸಬೇಕಾದ ಕಾಲದಲ್ಲಿ ಕೈಗೆ ಸಿಕ್ಕ ಶ್ರೇಷ್ಠವಾದುದನ್ನು ಅವರು ಹಿಡಿದರು. ಆ ಉತ್ತರ ನಮ್ಮನ್ನು ಪೂರ್ತಿ ಒಪ್ಪಿಸುವುದಿಲ್ಲ. ಎರಡು ಪಕ್ಷಗಳೂ ಒಂದೇ ಅಡಿಗೆಮನೆಯಲ್ಲಿ ಒಂದು ವರ್ಷ ಕೆಲಸ ಮಾಡಿದ್ದರೆ ವಾದ ಬೇರೆ ರೀತಿಯಲ್ಲಿ ಸಾಗುತ್ತಿತ್ತೋ ಏನೋ.

ಸಹಜೀವನದ ದೈವಶಾಸ್ತ್ರವೆಂದರೆ ನಮ್ಮ ಸೆಮಿನರಿಗಳಲ್ಲಿ ಬಾನ್‌ಹೋಫರರ ಹೆಸರು ಮೊದಲು ಬರುತ್ತದೆ. ಫಿಂಕೆನ್ವಾಲ್ಡೆಯ ಸೆಮಿನರಿಯನ್ನು 1937ರಲ್ಲಿ ಗೆಸ್ಟಾಪೊ ಮುಚ್ಚಿಸಿತು; ಅಲ್ಲಿನ ಅನುಭವದ ಮೇಲೆ ಬರೆದ ಪುಸ್ತಕ 1939ರಲ್ಲಿ ಬಂತು. ಅದಕ್ಕೂ ಮುಂಚೆ ಅವರು ಭಾರತಕ್ಕೆ ಬಂದು ಗಾಂಧೀಜಿಯ ಆಶ್ರಮದಲ್ಲಿ ಇರಬೇಕೆಂದು ಬಯಸಿದ್ದರು, 1934ರಲ್ಲಿ ಗಾಂಧೀಜಿ ಅವರಿಗೆ ಆಮಂತ್ರಣವನ್ನೂ ಕಳುಹಿಸಿದ್ದರು ಎಂಬುದು ಪಾಠದಲ್ಲಿ ಅಷ್ಟಾಗಿ ಬರುವುದಿಲ್ಲ. ಆ ಪ್ರಯಾಣ ನಡೆಯಲಿಲ್ಲ. ನಡೆದಿದ್ದರೆ, ಪಾಯಿಖಾನೆ ಶುಚಿಮಾಡುವ ಕೆಲಸವನ್ನು ಎಲ್ಲರ ಸರದಿಗೂ ಹಚ್ಚಿದ ಮನೆಯೊಂದನ್ನು ಅವರು ಒಳಗಿನಿಂದ ಕಾಣುತ್ತಿದ್ದರು. ಗಾಂಧೀಜಿಯ ಆಶ್ರಮದ ಮೇಲೂ ಅಂಬೇಡ್ಕರರ ಕಡೆಯಿಂದ ಬರುವ ಆಕ್ಷೇಪಗಳು ಚಿಕ್ಕವಲ್ಲ. ಆದರೆ ಜಾತಿಯನ್ನು ಕೆಲಸದ ಪಟ್ಟಿಯಲ್ಲೇ ಎದುರಿಸಬೇಕೆಂಬ ಅರಿವಾದರೂ ಅಲ್ಲಿತ್ತು. ನಮ್ಮ ವಿದ್ಯಾರ್ಥಿಗಳು ಹೋಗುವ ವಿದೇಶದ ಶಾಲೆಗಳ ಪಟ್ಟಿಯಲ್ಲಿ ಎಲ್ಲರಿಗೂ ಪಾಯಿಖಾನೆಯ ಸರದಿಯಿದೆ. ಅಲ್ಲಿ ಅದು ಬರಿಯ ಕೆಲಸ. ಇಲ್ಲಿ ಅದು ಬರಿಯ ಕೆಲಸವಲ್ಲ. ಅಲ್ಲಿ ಸಂತೋಷದಿಂದ ತೊಳೆದವನು ಇಲ್ಲಿ ತನ್ನ ಸಭೆಯ ಕಟ್ಟಡದಲ್ಲಿ ತೊಳೆಯುತ್ತಾನೆಯೇ? ನಮಗೆ ಗೊತ್ತಿರುವ ಒಂದೆರಡು ಪ್ರಸಂಗಗಳಲ್ಲಿ, ತೊಳೆಯಲು ಹೊರಟವರನ್ನು ಹಿರಿಯರೇ ತಡೆದರು; ಓದಿ ಬಂದವನು ಅದನ್ನು ಮಾಡಬಾರದಂತೆ.

ಆದ್ದರಿಂದ ಮರಳಿದವರ ಸಾಕ್ಷಿಯನ್ನು ಮೊದಲ ಭಾನುವಾರವೇ ಕೇಳುವ ಪದ್ಧತಿಯನ್ನು ಬಿಟ್ಟು, ಒಂದು ವರ್ಷದ ನಂತರ ಕೇಳುವುದು ಒಳ್ಳೆಯದೆಂದು ನಾವು ಸೂಚಿಸುತ್ತೇವೆ. ಆ ವರ್ಷವನ್ನು ಅವರು ಇಲ್ಲಿನ ಯಾವುದಾದರೂ ವಿದ್ಯಾರ್ಥಿನಿಲಯದ ಅಡಿಗೆಮನೆಯಲ್ಲಿ ಭಾಗವಹಿಸಿ ಕಳೆದಿರಲಿ. ಕಳುಹಿಸುವ ಸಭೆಗಳೂ ಆ ಶಾಲೆಯ ದಿನಚರಿಯನ್ನು, ವೆಚ್ಚದ ಲೆಕ್ಕವನ್ನು, ಅಲ್ಲಿ ದೂರು ಹೇಳಿಕೊಳ್ಳುವ ದಾರಿಯನ್ನು ಮುಂಚೆಯೇ ಕೇಳಿ ತಿಳಿದಿರಬೇಕು. ಇದು ಅಪನಂಬಿಕೆಯಲ್ಲ, ಹಿರಿಯರ ಜವಾಬ್ದಾರಿ.

ಇನ್ನು ಕೌಂಡಿನ್ಯರು. ಬಾಸೆಲ್ ಮಿಷನ್ನಿನ ಆ ಕಾಲದ ಕಾಗದಪತ್ರಗಳು ಈಗಲೂ ಬಾಸೆಲ್ಲಿನ ಪತ್ರಾಗಾರದಲ್ಲಿ ಸುರಕ್ಷಿತವಾಗಿವೆ. ಅವರ ಐದು ವರ್ಷಗಳನ್ನು ಒಂದು ವಾಕ್ಯದಿಂದ ಬಿಡಿಸಬೇಕಾದರೆ ಆ ಹಸ್ತಪ್ರತಿಗಳನ್ನು ಓದಬಲ್ಲವರು ಬೇಕು. ಹಳೆಯ ಜರ್ಮನ್ ಕೈಬರಹವನ್ನು ಬಲ್ಲ ಕನ್ನಡಿಗರು ನಮ್ಮ ಸೆಮಿನರಿಗಳಲ್ಲಿ ಬೆರಳೆಣಿಕೆಯಷ್ಟು. ವಿದೇಶಕ್ಕೆ ಹೊರಟುನಿಂತಿರುವ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಅದನ್ನು ಕಲಿಯಲೆಂದೇ ಹೋಗಲಿ. ಖರ್ಚಿಗೆ ಸಭೆಗಳ ಬಳಿ ಕೈಚಾಚಲು ನಾವು ಸಿದ್ಧ.