‘ಸಿಗಲಿಲ್ಲ’ ಅಂದರೆ ‘ಇಲ್ಲ’ ಅಂತಲ್ಲ: ಶಾಸನ ಹುಡುಕುವ ಎಐ ಟೂಲ್‌ಗಳ ವಿವರಣೆ ಕುರಿತು

ಪಾಲಬಾವಿಯ ಒಬ್ಬ ಪದವಿ ವಿದ್ಯಾರ್ಥಿ ಮೊನ್ನೆ ಫೋನ್ ಮಾಡಿದ್ದ. “ಸರ್, ನಮ್ಮ ರಾಯಬಾಗ ಭಾಗದಾಗ ರಟ್ಟರ ಶಾಸನ ಒಂದೂ ಇಲ್ಲಂತರಿ. ಎಐ ಕೇಳಿ ನೋಡೇನಿ. ವಿಷಯ ಬದಲಿ ಮಾಡ್ಲೇನ್ರಿ?” ಅಂದ. ನನಗೆ ಗಾಬರಿಯಾಯಿತು. ರಾಯಬಾಗದಲ್ಲೇ ನಾಲ್ಕನೆಯ ಕಾರ್ತವೀರ್ಯನ ಕಾಲದ ಶಾಸನವಿದೆ. ಆಚೆ ತೇರದಾಳದಲ್ಲಿದೆ, ಈಚೆ ಕಲ್ಲೋಳಿಯಲ್ಲಿದೆ. ರಟ್ಟರ ನಾಡಿನಲ್ಲೇ ಕೂತ ಹುಡುಗನಿಗೆ ರಟ್ಟರ ಶಾಸನವೇ ಇಲ್ಲ ಎಂಬ ಉತ್ತರ ಬಂದದ್ದಾದರೂ ಹೇಗೆ?

ಅವನು ಬಳಸಿದ್ದು ಒಂದು ಎಐ ಏಜೆಂಟ್. ಏಜೆಂಟ್ ತಾನೇ ಎಲ್ಲವನ್ನೂ ತಿಳಿದುಕೊಂಡಿರುವುದಿಲ್ಲ. ಅದಕ್ಕೆ ಕೆಲವು ಟೂಲ್‌ಗಳನ್ನು ಕೊಟ್ಟಿರುತ್ತಾರೆ. ಶಾಸನಪಾಠ ಹುಡುಕಲು ಒಂದು, ತೇದಿ ಲೆಕ್ಕ ಹಾಕಲು ಒಂದು, ಲಿಪಿ ಬದಲಿಸಲು ಇನ್ನೊಂದು. 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೋಕಾಲ್‌ನಂಥ ವ್ಯವಸ್ಥೆಗಳಲ್ಲಿ ಪ್ರತಿ ಟೂಲ್‌ಗೂ ಒಂದು ಹೆಸರು, ಒಂದು ವಿವರಣೆ, ಒಳಗೆ ಏನು ಕೊಡಬೇಕೆಂಬ ಪಟ್ಟಿ ಇರುತ್ತವೆ. ಸಾಮಾನ್ಯವಾಗಿ ಏಜೆಂಟ್ ಓದುವುದು ಇಷ್ಟನ್ನೇ. ಟೂಲಿನ ಒಳಗಿನ ಕೋಡ್ ಅದಕ್ಕೆ ಕಾಣುವುದಿಲ್ಲ.

ಈ ಟೂಲಿನ ವಿವರಣೆ ಒಂದೇ ಸಾಲು: “ಕರ್ನಾಟಕದ ಶಾಸನಗಳನ್ನು ಹುಡುಕುತ್ತದೆ.” ಹತ್ತಾರು ಬಗೆಯಲ್ಲಿ ಹುಡುಕಿ ನೋಡಿದೆ. ಬಂದ ಪಾಠಗಳೆಲ್ಲ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದವು. ಪಾಠಗಳು ಶುದ್ಧವಾಗಿಯೇ ಇವೆ, ಹುಡುಕಾಟವೂ ಚುರುಕಾಗಿದೆ. ಆದರೆ 1886ರಿಂದ ಬಂದ ಆ 12 ಸಂಪುಟಗಳ ವ್ಯಾಪ್ತಿ ಮೈಸೂರು ಸಂಸ್ಥಾನ ಮತ್ತು ಕೊಡಗು ಮಾತ್ರ. ಬೆಳಗಾವಿ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು, ತೇರದಾಳ ಸಾಂಗಲಿ ಸಂಸ್ಥಾನದಲ್ಲಿತ್ತು. ನಮ್ಮ ಕಡೆಯ ಶಾಸನಗಳನ್ನು ಹುಡುಕಬೇಕಾದದ್ದು ಫ್ಲೀಟ್ ಅವರ ಲೇಖನಗಳಲ್ಲಿ, ಇಂಡಿಯನ್ ಆಂಟಿಕ್ವರಿಯಲ್ಲಿ, ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್‌ನ ಬಾಂಬೆ-ಕರ್ನಾಟಕ ಸಂಪುಟಗಳಲ್ಲಿ, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಪ್ರಕಟಣೆಗಳಲ್ಲಿ.

ಟೂಲ್ ಸುಳ್ಳು ಹೇಳಲಿಲ್ಲ, ಖಾಲಿ ಪಟ್ಟಿ ಕೊಟ್ಟಿತು ಅಷ್ಟೇ. “ಕರ್ನಾಟಕದ ಶಾಸನಗಳು” ಎಂಬ ಮಾತನ್ನು ನಂಬಿ ಏಜೆಂಟ್ ಆ ಖಾಲಿ ಪಟ್ಟಿಯನ್ನು ‘ಇಲ್ಲ’ ಎಂದು ಓದಿಕೊಂಡಿತು. ವಿವರಣೆಯಲ್ಲಿ ಇನ್ನು ಮೂರು ವಾಕ್ಯ ಇದ್ದಿದ್ದರೆ ಸಾಕಿತ್ತು: “ಹಳೆಯ ಮೈಸೂರು ಮತ್ತು ಕೊಡಗಿನ ಶಾಸನಗಳು ಮಾತ್ರ ಇಲ್ಲಿವೆ. ಬೆಳಗಾವಿ, ವಿಜಯಪುರ, ಧಾರವಾಡ, ಕಲಬುರಗಿ ಕಡೆಯವು ಇಲ್ಲ. ಫಲಿತಾಂಶ ಬಾರದಿದ್ದರೆ ಶಾಸನವೇ ಇಲ್ಲವೆಂದು ತಿಳಿಯಬೇಡಿ.”

ಎರಡನೆಯ ತೊಡಕು ಊರ ಹೆಸರಿನದು. ಒಳಗೆ ಕೊಡಬೇಕಾದದ್ದು ‘ಸ್ಥಳ’ ಎಂದಷ್ಟೇ ಇದೆ. ಯಾವ ಕಾಲದ ಸ್ಥಳ? ಇವತ್ತಿನ ಕಲ್ಲೋಳಿಯನ್ನು ಫ್ಲೀಟ್ ಬರೆದದ್ದು ಕಲ್ಹೊಳಿ ಎಂದು. ಶಾಸನದೊಳಗೆ ಅದು ಕಲ್ಪೊಳೆ. ಪಾಲಬಾವಿಯನ್ನೂ ಜನ ಪಾಲಭಾವಿ ಎಂದು ಬರೆಯುವುದುಂಟು. ತಾಲ್ಲೂಕು, ಜಿಲ್ಲೆ ಈಗಿನವೋ ಪ್ರಕಟವಾದಾಗಿನವೋ ಅನ್ನುವುದನ್ನೂ ಹೇಳಬೇಕಲ್ಲವೇ? ಹೇಳದಿದ್ದರೆ ಏಜೆಂಟ್ ಊಹಿಸುತ್ತದೆ.

ಮೂರನೆಯದು ತೇದಿ, ಮೂರರಲ್ಲಿ ಹೆಚ್ಚು ಅಪಾಯದ್ದು. ತೇದಿಯ ಟೂಲ್ ಕೇಳುವುದು ‘ವರ್ಷ’ ಮಾತ್ರ. ಕಲ್ಲೋಳಿ ಶಾಸನದ ಕಾಲ ಶಕ 1127, ರಕ್ತಾಕ್ಷಿ ಸಂವತ್ಸರ, ಪುಷ್ಯ ಮಾಸ. ಟೂಲ್ 78 ಕೂಡಿಸಿ 1205 ಅಂದಿತು. ಆದರೆ ರಕ್ತಾಕ್ಷಿ ಬರುವುದು 1204-05ರಲ್ಲಿ, ಆ ಪುಷ್ಯದ ಆರಂಭ 1204ರ ಡಿಸೆಂಬರಿಗೆ ಬೀಳುತ್ತದೆ. ಕಾರಣ, ಇಲ್ಲಿನ 1127 ವರ್ತಮಾನ ವರ್ಷ; ಗತ ವರ್ಷ 1126. 78 ಕೂಡಿಸುವ ಲೆಕ್ಕ ಗತ ವರ್ಷಕ್ಕೆ. “ಶಕ ವರ್ಷ ಕೊಡಿ, ಗತವೋ ವರ್ತಮಾನವೋ ತಿಳಿಸಿ, ಸಂವತ್ಸರದ ಹೆಸರಿದ್ದರೆ ತಪ್ಪದೆ ಕೊಡಿ, ಎರಡೂ ಹೊಂದದಿದ್ದರೆ ಎಚ್ಚರಿಸುತ್ತೇನೆ” ಎಂದು ಬರೆದು, ಹಾಗೇ ನಡೆದುಕೊಳ್ಳುವ ಟೂಲ್ ಮಾಡಿದ್ದರೆ ಈ ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು. ಈಗಿರುವ ಟೂಲಿನ ಉತ್ತರದಲ್ಲಿ ಅನುಮಾನದ ಸುಳಿವೇ ಇಲ್ಲ. ಖಾಲಿ ಪಟ್ಟಿಯನ್ನಾದರೂ ಯಾರೋ ಪ್ರಶ್ನಿಸಿಯಾರು, ಒಂದು ವರ್ಷ ತಪ್ಪಿದ ತೇದಿಯನ್ನು ಯಾರು ಪ್ರಶ್ನಿಸುತ್ತಾರೆ?

ಇದಕ್ಕೆ ಟೂಲ್ ಮಾಡುವವರ ಕಡೆಯಿಂದ ಒಂದು ನ್ಯಾಯವಾದ ಉತ್ತರವಿದೆ. ವಿವರಣೆ ಉದ್ದವಾದಷ್ಟೂ ಏಜೆಂಟ್ ಓದಬೇಕಾದ್ದು ಹೆಚ್ಚುತ್ತದೆ; ಇಪ್ಪತ್ತು ಟೂಲ್‌ಗಳಿಗೆ ಇಪ್ಪತ್ತು ಪುಟ ಬರೆದರೆ ಮುಖ್ಯವಾದದ್ದೇ ಕಳೆದುಹೋದೀತು. ಒಪ್ಪುತ್ತೇನೆ. ಆದರೆ ನಾನು ಕೇಳುತ್ತಿರುವುದು ಪುಟಗಳನ್ನಲ್ಲ. ನಮ್ಮ ಶಾಸನ ವರದಿಗಳನ್ನೇ ನೋಡಿ. ಊರು, ಕಲ್ಲು ಇರುವ ಜಾಗ, ರಾಜವಂಶ, ಅರಸ, ತೇದಿ, ಭಾಷೆ, ಲಿಪಿ, ಕೊನೆಗೆ ‘ತ್ರುಟಿತ’, ‘ಅಪೂರ್ಣ’ ಎಂಬ ಷರಾ. ನಾಲ್ಕೈದು ಸಾಲಿನಲ್ಲೇ, ಕಲ್ಲನ್ನು ನೋಡದವನಿಗೂ ಏನಿದೆ, ಏನಿಲ್ಲ ಎರಡೂ ತಿಳಿಯುತ್ತವೆ. ಸಂದೇಹವಿದ್ದ ಅಕ್ಷರವನ್ನು ಕಂಸದಲ್ಲಿ ಇಡುವುದು ನಮ್ಮಲ್ಲಿ ರೂಢಿಯೇ ಆಗಿದೆ. ಟೂಲಿನ ವಿವರಣೆಗೂ ಅದೇ ಅಳತೆ ಸಾಕು: ಏನು ಮಾಡುತ್ತದೆ, ಎಲ್ಲಿಯವರೆಗೆ, ಏನನ್ನು ಯಾವ ರೂಪದಲ್ಲಿ ಕೊಡಬೇಕು, ಯಾವಾಗ ಬಳಸಬಾರದು, ಖಾಲಿ ಬಂದರೆ ಅದರ ಅರ್ಥವೇನು.

ಈ ತಪ್ಪನ್ನು ಪ್ರೋಗ್ರಾಮರುಗಳ ಮೇಲಷ್ಟೇ ಹೊರಿಸುವುದೂ ಸರಿಯಲ್ಲ. ಗತ, ವರ್ತಮಾನಗಳ ಗೊಂದಲ, ಸಂಸ್ಥಾನಗಳ ಗಡಿ, ಊರ ಹಳೆಯ ಹೆಸರು ಅವರಿಗೆ ಹೇಗೆ ಗೊತ್ತಿರಬೇಕು? ಅದು ಶಾಸನ ಓದುವ ನಮಗೆ ಗೊತ್ತು. ಡೇಟಾ ಕೊಟ್ಟು ಸುಮ್ಮನಾಗುವ ಬದಲು ಆ ವಿವರಣೆಯ ನಾಲ್ಕು ಸಾಲನ್ನೂ ನಾವೇ ಕೂತು ಬರೆದುಕೊಡಬೇಕು.

ಹುಡುಗನಿಗೆ ಫ್ಲೀಟ್ ಲೇಖನದ ವಿವರ ಕಳಿಸಿದ್ದೇನೆ. ವಿಷಯ ಬದಲಿಸಿಲ್ಲವಂತೆ. ಆದರೆ ಫೋನ್ ಮಾಡದೇ ಆ ಉತ್ತರವನ್ನೇ ನಂಬಿ ಕೈಬಿಟ್ಟವರು ಎಷ್ಟು ಮಂದಿಯೋ!