ಹುಚ್ಚರ ವೈದ್ಯನ ಮೂಲೆಮಟ್ಟ

ಬ್ರೆಜಿಲ್ ದೇಶದ ಮಶಾದು ದಿ ಅಸಿಸ್ (೧೮೩೯–೧೯೦೮) ಪೋರ್ಚುಗೀಸ್ ಭಾಷೆಯಲ್ಲಿ ಬರೆದ ‘ಹುಚ್ಚರ ವೈದ್ಯ’ ಎಂಬ ನೀಳ್ಗತೆಯು ೧೮೮೨ರಲ್ಲಿ ಗ್ರಂಥದೊಳಗೆ ಸೇರಿ ಪ್ರಕಟವಾಯಿತು. ಇಂಗ್ಲಿಷ್ ಅನುವಾದದ ಮೂಲಕ ಅದನ್ನು ಓದಿದ ನಮಗೆ, ಉಪಾಧ್ಯಾಯರಾದವರು ಒಮ್ಮೆಯಾದರೂ ಓದತಕ್ಕ ಕತೆಯಿದೆಂದು ತೋರಿತು. ವಿಜ್ಞಾನದ ಗರ್ವವನ್ನು ಗೇಲಿಮಾಡುವ ಕೃತಿಯೆಂದು ಇದನ್ನು ಹೊಗಳುವುದುಂಟು. ಆ ಹೊಗಳಿಕೆ ಸುಳ್ಳಲ್ಲ, ಆದರೆ ಸಾಲದು.

ಕಥಾನಾಯಕ ಸಿಮಾವ್ ಬಕಮಾರ್ತೆ ಯುರೋಪಿನಲ್ಲಿ ವೈದ್ಯವಿದ್ಯೆ ಕಲಿತು, ಅರಸನಿತ್ತ ಪದವಿಗಳನ್ನು ಒಲ್ಲೆನೆಂದು ಇಟಗ್ವಾಯಿ ಎಂಬ ಸಣ್ಣ ಊರಿಗೆ ಬಂದು ನೆಲಸುತ್ತಾನೆ. ಅಲ್ಲಿ ಹುಚ್ಚರಿಗಾಗಿ ‘ಹಸಿರು ಮನೆ’ಯೊಂದನ್ನು ಕಟ್ಟಿಸುತ್ತಾನೆ. ಮೊದಮೊದಲು ಒಳಹೊಕ್ಕವರು ಊರೇ ಹುಚ್ಚರೆಂದು ಒಪ್ಪಿದವರು. ಬರಬರುತ್ತ ವೈದ್ಯನ ಗೆರೆ ಬಿಗಿಯಾಗುತ್ತದೆ. ಪಿತ್ರಾರ್ಜಿತವನ್ನೆಲ್ಲ ಸಾಲ ಕೊಟ್ಟು ಬರಿಗೈಯಾದ ಕೋಸ್ತ ಒಳಗೆ; ಅವನ ಪರವಾಗಿ ಬಿನ್ನವಿಸಲು ಬಂದ ಬಂಧುವೂ ಒಳಗೆ. ತಾನು ಕಟ್ಟಿಸಿದ ಮನೆಯನ್ನು ತಾನೇ ದಿಟ್ಟಿಸಿ ಹಿಗ್ಗುವ, ಜೀನು ಹೊಲಿಯುವ ಕಸುಬಿನವನು ಒಳಗೆ. ನೃತ್ಯಕೂಟಕ್ಕೆ ಯಾವ ಹಾರ ತೊಡಬೇಕೆಂದು ತಿಳಿಯದೆ ನಿದ್ದೆಗೆಟ್ಟ ಅವನ ಸ್ವಂತ ಹೆಂಡತಿಯೂ ಒಳಗೆ! ಊರಿನ ಐದರಲ್ಲಿ ನಾಲ್ಕು ಪಾಲು ಜನ ಹೀಗೆ ಬಂದಿಗಳಾದ ಮೇಲೆ ಲೆಕ್ಕವೇ ವೈದ್ಯನನ್ನು ಎಚ್ಚರಿಸುತ್ತದೆ. ಇಷ್ಟು ಮಂದಿ ಹೀಗಿರುವುದಾದರೆ ಇದೇ ಸ್ವಸ್ಥಸ್ಥಿತಿಯಲ್ಲವೆ? ಅವರನ್ನೆಲ್ಲ ಬಿಡಿಸಿ, ಸಮಚಿತ್ತರಾದ ಕೆಲವರನ್ನು ಹಿಡಿತರಿಸುತ್ತಾನೆ. ಅವರೂ ‘ಗುಣ’ ಹೊಂದುತ್ತಾರೆ, ಎಂದರೆ ಕೆಡುತ್ತಾರೆ. ಕಡೆಗೆ ಸಮಚಿತ್ತನಾಗಿ ಉಳಿದವನು ತಾನೊಬ್ಬನೇ. ತನ್ನನ್ನೇ ಕೂಡಿಹಾಕಿಕೊಂಡು ೧೭ ತಿಂಗಳಲ್ಲಿ ತೀರಿಕೊಳ್ಳುತ್ತಾನೆ.

ಬಕಮಾರ್ತೆ ದುಷ್ಟನಲ್ಲ, ಲಂಚಕೋರನಲ್ಲ. ಅವನು ಇಷ್ಟು ಪ್ರಾಮಾಣಿಕನಾಗಿರದಿದ್ದರೆ ಊರು ಇಷ್ಟು ನರಳುತ್ತಿರಲಿಲ್ಲ. ದೋಷವಿರುವುದು ಅವನು ಹಿಡಿದ ಅಳತೆಯಲ್ಲಿ. ಮೊದಲು ತನ್ನ ಕಲ್ಪನೆಯನ್ನೇ ಅಳತೆ ಮಾಡಿಕೊಂಡ. ಅದು ಸೋತಾಗ ತಲೆಯೆಣಿಕೆಯನ್ನು ಅಳತೆ ಮಾಡಿಕೊಂಡ. ಎದುರಿಗೆ ನಿಂತ ಮನುಷ್ಯನಿಗೆ ಏನು ನೋವು ಎಂದು ಎರಡು ಸಲವೂ ಕೇಳಲಿಲ್ಲ. ‘ನಾರ್ಮಲ್’ ಎಂಬ ಶಬ್ದಕ್ಕೆ ಮೂಲವಾದ ಲ್ಯಾಟಿನ್ ‘ನೋರ್ಮ’ ಎಂದರೆ ಬಡಗಿಯ ಮೂಲೆಮಟ್ಟ. (ಉಪಾಧ್ಯಾಯರ ತರಬೇತಿ ಶಾಲೆಗಳಿಗೆ ಹಿಂದೆ ‘ನಾರ್ಮಲ್ ಸ್ಕೂಲು’ ಎಂಬ ಹೆಸರಿದ್ದುದನ್ನು ಹಿರಿಯರು ಬಲ್ಲರು. ನಮ್ಮ ವೃತ್ತಿಯನ್ನೂ ಮಟ್ಟ ಹಿಡಿದೇ ಕೆತ್ತಿದ್ದಾರೆನ್ನಬೇಕು.)

ಇದು ದೂರದೇಶದ ಕಟ್ಟುಕತೆಯೆಂದು ನಾವು ನಕ್ಕು ಸುಮ್ಮನಾಗುವಂತಿಲ್ಲ. ೧೯೦೫ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ಅವರು ಸಿಮೋನ್ ಎಂಬ ವೈದ್ಯರೊಡಗೂಡಿ, ಶಾಲೆಯಲ್ಲಿ ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸಲೆಂದು ಬುದ್ಧಿಪರೀಕ್ಷೆಯನ್ನು ರಚಿಸಿದರು. ೧೯೦೮ರಲ್ಲಿ ಪ್ರಶ್ನೆಗಳನ್ನು ವಯಸ್ಸಿಗೆ ತಕ್ಕಂತೆ ಜೋಡಿಸಿದರು. ಏಳು ವರ್ಷದ ಪ್ರಶ್ನೆಯೆಂದರೆ ಏಳು ವರ್ಷದ ಬಹುಪಾಲು ಮಕ್ಕಳು ಉತ್ತರಿಸಬಲ್ಲ ಪ್ರಶ್ನೆ. ಇಲ್ಲಿಯೂ ತಲೆಯೆಣಿಕೆಯೇ ಮೂಲೆಮಟ್ಟ. ಆದರೂ ಬಿನೆ ಬಕಮಾರ್ತೆಯಲ್ಲ. ಒಮ್ಮೆ ಅಳೆದ ಬುದ್ಧಿ ಎಂದೆಂದಿಗೂ ಅಷ್ಟೇ ಎಂಬ ವಾದವನ್ನು ಅವರೇ ಖಂಡಿಸಿದರು. ಇದೇ ಪರೀಕ್ಷೆಯನ್ನು ಧಾರವಾಡದಲ್ಲಿ ವಿ. ವಿ. ಕಾಮತರು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಅಳವಡಿಸಿದರು. ಅವರ ಗ್ರಂಥ ೧೯೪೦ರಲ್ಲಿ ಬಂದಿತು. ಮನೆಮಾತಿನಲ್ಲಿ ಕೇಳದ ಪ್ರಶ್ನೆಯು ಬುದ್ಧಿಯನ್ನಲ್ಲ, ಭಾಷೆಯನ್ನು ಅಳೆಯುತ್ತದೆ. ಆದುದರಿಂದ ಈ ಕೆಲಸಕ್ಕೆ ನಾವು ಋಣಿಗಳು.

ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಪಾಠ ಹೇಳುವ ನಮಗೆ ಇದು ನಿತ್ಯದ ಸಂಗತಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ತಪಾಸಣೆಗೆ ಬಂದವರು ಮರಾಠಿಯಲ್ಲಿ ಕೇಳಿದಾಗ ಬಾಯಿ ಬಿಡದ ಹುಡುಗಿಯ ಹೆಸರಿನ ಮುಂದೆ ‘ಮಂದಬುದ್ಧಿ’ ಎಂದು ಬರೆಯಲು ಅರೆಗಳಿಗೆ ಸಾಕು. ಮುಂದಿನ ತರಗತಿಯ ಗುರುಗಳು ಮಗುವಿನ ಮುಖಕ್ಕಿಂತ ಮೊದಲು ಆ ಬರಹವನ್ನು ಓದುತ್ತಾರೆ. ಎಣ್ಣೆ ಹಾಕಿ ತಲೆ ಬಾಚಿಕೊಂಡು ಬಂದ ಆ ಹುಡುಗಿ ಅಂದಿನಿಂದ ಹಿಂದಿನ ಸಾಲಿನಲ್ಲಿಯೇ.

ಇನ್ನು ಕತೆಯ ಕೊರತೆ. ಮೊದಲು ಹಸಿರು ಮನೆಗೆ ಬಂದವರಲ್ಲಿ ನಿಜವಾಗಿ ನರಳುವವರಿದ್ದರು. ಊರಿನ ಗದ್ದಲ ಮೊದಲಾದ ಮೇಲೆ ಅವರನ್ನು ಲೇಖಕನೂ ಮರೆಯುತ್ತಾನೆ. ಹುಚ್ಚೆಂಬುದೇ ಇಲ್ಲ, ಇರುವುದು ವೈದ್ಯನ ಹಟವೊಂದೇ ಎಂದು ವಾಚಕರು ಭ್ರಮಿಸುವಂತಾಗುತ್ತದೆ. ಇದು ಸಲ್ಲದು, ರೋಗವುಂಟು, ಚಿಕಿತ್ಸೆಯೂ ಉಂಟು. ಈ ತೊಡಕನ್ನು ಬಿಡಿಸಿದವರು ಫ್ರಾನ್ಸಿನ ಜಾರ್ಜ್ ಕಾಂಗಿಲೆಮ್. ೧೯೪೩ರ ತಮ್ಮ ವೈದ್ಯಕೀಯ ಪ್ರಬಂಧದಲ್ಲಿ ಅವರು ಸರಾಸರಿಯೇ ಆರೋಗ್ಯವಲ್ಲವೆಂದು ವಾದಿಸಿದರು. ಪರಿಸ್ಥಿತಿ ಬದಲಾದಾಗ ಬಾಳಿಗೆ ಹೊಸ ಕ್ರಮವನ್ನು ಕಟ್ಟಿಕೊಳ್ಳಬಲ್ಲ ಶಕ್ತಿಯೇ ಆರೋಗ್ಯ. ಅದು ಕುಗ್ಗಿದ್ದನ್ನು ಮೊದಲು ಅರಿಯುವವನು ರೋಗಿ. ನಮ್ಮ ದೇಶದ ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯೂ, ಸಮಾಜದ ನೀತಿನಂಬುಗೆಗಳಿಗೆ ಹೊಂದಿಕೊಳ್ಳಲಿಲ್ಲವೆಂಬ ಕಾರಣದಿಂದ ಯಾರನ್ನೂ ಮನೋರೋಗಿಯೆಂದು ನಿರ್ಣಯಿಸಬಾರದೆಂದು ವಿಧಿಸಿದೆ. ಈ ಕಾಯಿದೆಯಡಿ ಕೋಸ್ತನನ್ನು ಕೂಡಿಹಾಕುವಂತಿಲ್ಲ. ಆದರೆ ನರಳುವವನಿಗೆ ಚಿಕಿತ್ಸೆ ಪಡೆಯುವ ಹಕ್ಕನ್ನು ಅದೇ ಕಾಯಿದೆ ಕೊಡುತ್ತದೆ.

ಮಶಾದು ಸ್ವತಃ ಅಪಸ್ಮಾರದಿಂದ ಬಳಲುತ್ತಿದ್ದವರು. ಹಾಗಿದ್ದೂ ಹಸಿರು ಮನೆಯ ಒಂದು ರಾತ್ರಿಯನ್ನಾದರೂ ಬಂದಿಯೊಬ್ಬನ ಕಣ್ಣಿನಿಂದ ಅವರು ಬರೆಯಲಿಲ್ಲವೆಂಬುದೇ ನಮ್ಮ ದೊಡ್ಡ ಆಕ್ಷೇಪ.